ಜೋಳದ ನಂಜು ಮತ್ತು ಹಳದಿ ಚೀಟಿ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು 25 ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಎಷ್ಟು ಹಾಲು ಬಂತು, ಎಷ್ಟು ಬೋನಸ್ ಹಂಚಿದೆವು ಎಂಬುದನ್ನು ಕಾರ್ಯದರ್ಶಿಗಳ ವರದಿಯಲ್ಲಿ ತಾವು ಓದುವಿರಿ. ನಾವಿಲ್ಲಿ ಬರೆಯಹೊರಟಿದ್ದು ಬೆರಳುದ್ದದ ಒಂದು ಹಳದಿ ಚೀಟಿಯ ಇತಿಹಾಸ.

2003ರ ಬರ ಹಿರಿಯರಿಗೆಲ್ಲ ನೆನಪಿದೆ. ಸಾಲಾಗಿ ಮೂರು ವರ್ಷ ಮಳೆ ಕೈಕೊಟ್ಟು ಕಣಿಕೆಯ ಬಣವಿಗಳು ಕರಗಿದ್ದವು. ನಾವು ಆಗಷ್ಟೇ ಒಕ್ಕಲುತನಕ್ಕೆ ನಿಂತಿದ್ದೆವು. ಸಾಲ ಎತ್ತಿ ಒಂದು ಎಚ್.ಎಫ್. ಆಕಳು ತಂದಿದ್ದೆವು. ಒಂದು ಅಡ್ಡಮಳೆ ಬಿದ್ದು, ಕೊಯ್ದ ಜೋಳದ ಕೂಳೆ ಹಸಿರಾಗಿ ಚಿಗುರಿತು. "ಕೂಳೆಗೆ ದನ ಬಿಡಬ್ಯಾಡ್ರೋ, ನಂಜಿರ್ತೈತಿ" ಅಂತ ನಮ್ಮವ್ವ ಹೇಳಿದ್ದಳು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಹಸಿದಿದ್ದ ಆಕಳು, ಎಮ್ಮೆ ಎರಡನ್ನೂ ಹೊಲಕ್ಕೆ ಬಿಟ್ಟೆವು.

ಸ್ವಲ್ಪ ಹೊತ್ತಿಗೇ ಆಕಳು ಏದುಸಿರು ಬಿಡುತ್ತಾ, ತೂರಾಡಿ ನೆಲಕ್ಕೆ ಬಿತ್ತು. ಮತ್ತೆ ಏಳಲಿಲ್ಲ. ಜನ ಕೂಡಿದರು. ಒಬ್ಬರು ಹಾವು ಕಡಿದೈತಿ ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ಪುಣ್ಯಕ್ಕೆ ಅಂದು ಪಶುವೈದ್ಯರು ಊರಲ್ಲೇ ಇದ್ದರು. ನಡುಗುತ್ತಿದ್ದ ಎಮ್ಮೆಯ ರಕ್ತನಾಳಕ್ಕೆ ಸೋಡಿಯಂ ನೈಟ್ರೈಟ್ ಹಾಗೂ ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಕೊಟ್ಟರು. ಎಮ್ಮೆ ಉಳಿಯಿತು.

ಮರುದಿನ ಡಾಕ್ಟರು ಅದೇ ಹೊಲದ ಎಲೆ ತರಿಸಿ, ಜಜ್ಜಿ, ಒಂದು ಶೀಶೆಗೆ ಹಾಕಿ ನಾಲ್ಕು ಹನಿ ಕ್ಲೋರೋಫಾರ್ಮ್ ಬಿಟ್ಟರು. ಒಂದು ಹಳದಿ ಚೀಟಿಯನ್ನು ಎಲೆಗೆ ತಾಗದಂತೆ ಬಿರಡೆಗೆ ಸಿಕ್ಕಿಸಿ ಬಾಯಿ ಮುಚ್ಚಿದರು. ನಾವು ನೋಡ ನೋಡುತ್ತಿದ್ದಂತೆ ಚೀಟಿ ಕಿತ್ತಳೆಯಾಗಿ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. "ಹಾವೂ ಅಲ್ಲ, ದೃಷ್ಟಿಯೂ ಅಲ್ಲ ತಮ್ಮಾ. ನಿಮ್ಮವ್ವ ಹೇಳಿದ್ದೇ ಖರೆ" ಅಂದರು.

ಈ ಚೀಟಿಯ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ. ಈಜಿಪ್ಟ್ ದೇಶದಲ್ಲಿಯೂ ಎಳೆಜೋಳ ತಿಂದು ದನಗಳು ಸಾಯುತ್ತಿದ್ದವು. ಇದನ್ನು ಪರೀಕ್ಷಿಸಿದ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು 1902ರಲ್ಲಿ ಕಾರಣವನ್ನು ಪ್ರಕಟಿಸಿದರು. ಜೋಳದ ಎಲೆಯಲ್ಲಿರುವ ಒಂದು ವಸ್ತು, ಎಲೆ ಜಜ್ಜಿದಾಗ ಒಡೆದು ಹೈಡ್ರೋಸಯನಿಕ್ ಆಮ್ಲವಾಗುತ್ತದೆ. ಅರಬ್ಬಿ ಭಾಷೆಯಲ್ಲಿ ಜೋಳಕ್ಕೆ 'ಧುರ್ರಾ' ಎನ್ನುವುದರಿಂದ ಆ ವಸ್ತುವಿಗೆ 'ಧುರ್ರಿನ್' ಎಂದು ಹೆಸರಿಟ್ಟರು. ಈ ಆಮ್ಲ ಮೈ ಸೇರಿದರೆ ರಕ್ತದಲ್ಲಿ ಪ್ರಾಣವಾಯು ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಸತ್ತ ದನದ ರಕ್ತ ಹೊಳೆಯುವ ಕೆಂಪಾಗಿರುವುದು ಅದಕ್ಕೇ.

ನಾಲ್ಕು ವರ್ಷದ ನಂತರ, 1906ರಲ್ಲಿ, ಫ್ರಾನ್ಸಿನ ಗಿನ್ಯಾರ್ ಎಂಬ ವಿಜ್ಞಾನಿ ಡಬಲ್ ಬೀನ್ಸ್ ಜಾತಿಯ ಕಾಳಿನಲ್ಲಿರುವ ಇದೇ ವಿಷವನ್ನು ಪತ್ತೆಹಚ್ಚಲು ಪಿಕ್ರಿಕ್ ಆಮ್ಲದಲ್ಲಿ ನೆನೆಸಿದ ಕಾಗದವನ್ನು ಬಳಸಿದರು. ದೊಡ್ಡ ಯಂತ್ರ ಬೇಡ, ಕರೆಂಟ್ ಬೇಡ. ಬ್ಲಾಟಿಂಗ್ ಪೇಪರು, ಪಿಕ್ರಿಕ್ ಆಮ್ಲ, ಸೋಡಾ ಇಷ್ಟೇ. 1998ರಲ್ಲಿ ಆಸ್ಟ್ರೇಲಿಯಾದ ಬ್ರಾಡ್‌ಬರಿ ಮತ್ತು ಸಂಗಡಿಗರು ಇದೇ ಚೀಟಿಯಿಂದ ಮರಗೆಣಸಿನ ಹಿಟ್ಟಿನ ವಿಷ ಅಳೆಯುವ ಸರಳ ಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಬಡವರ ಊಟಕ್ಕೂ ದನದ ಮೇವಿಗೂ ಒಂದೇ ಚೀಟಿ ಕಾವಲಾಯಿತು.

ಆದರೆ ಚೀಟಿಯನ್ನೇ ದೇವರೆಂದು ನಂಬಬಾರದು. ಬಣ್ಣ ತಿರುಗಿದರೆ ನಂಜು ಉಂಟು ಎಂದು ಗೊತ್ತಾಗುತ್ತದೆ, ಬೇಗ ತಿರುಗಿ ಗಾಢವಾದಷ್ಟೂ ನಂಜು ಹೆಚ್ಚು. ಇಷ್ಟೇ ಎಂದು ಲೆಕ್ಕ ಹಾಕಿ ಹೇಳಲು ಪ್ರಯೋಗಶಾಲೆಯೇ ಬೇಕು. ಒಂದು ಮೂಲೆಯ ಎಲೆ ತಂದು ಇಡೀ ಹೊಲಕ್ಕೆ ತೀರ್ಮಾನ ಹೇಳಲಾಗದು, ನಾಲ್ಕಾರು ಕಡೆಯಿಂದ ತರಬೇಕು. ಎಲೆ ಹಸಿಯಾಗಿರಬೇಕು. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು, ಆದ್ದರಿಂದ ಚೀಟಿ ತಯಾರಿಸುವ ಕೆಲಸ ಡಾಕ್ಟರರಿಗೇ ಇರಲಿ.

ಚೀಟಿಗಿಂತ ಮೊದಲು ನಮ್ಮ ಬುದ್ಧಿ ಎಚ್ಚರವಿರಬೇಕು. ಹೂ ಬಿಡುವ ಮೊದಲಿನ ಎಳೆಜೋಳ, ಬರಕ್ಕೆ ಸಿಕ್ಕಿ ಬಾಡಿದ ಜೋಳ, ಮಳೆ ಬಿದ್ದ ಮೇಲೆ ಚಿಗುರಿದ ಕೂಳೆ, ಯೂರಿಯಾ ಜಾಸ್ತಿ ಹಾಕಿದ ಬೆಳೆ, ಇವುಗಳಲ್ಲಿ ನಂಜು ಹೆಚ್ಚು. ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ಬಹಳ ಕಡಿಮೆ. ಹಸಿದ ದನವನ್ನಂತೂ ಹಸಿರು ಜೋಳಕ್ಕೆ ಬಿಡಲೇಬಾರದು, ಮೊದಲು ಒಣಮೇವು ಹಾಕಿರಿ.

ಅಂದಿನಿಂದ ನಮ್ಮ ಸಂಘದಲ್ಲಿ ಒಂದು ಪದ್ಧತಿ ಬಂದಿದೆ. ಅನುಮಾನ ಬಂದ ಸದಸ್ಯರು ಎಲೆ ತಂದರೆ ಡಾಕ್ಟರರಿಂದ ಪರೀಕ್ಷೆ ಮಾಡಿಸುತ್ತೇವೆ. ನಮ್ಮ ಆಕಳು ಹೋದ ಮೇಲೂ ಅದರ ಸಾಲದ ಕಂತನ್ನು ಎರಡು ವರ್ಷ ಕಟ್ಟಿದೆವು. ಆ ಕಂತು ಕಲಿಸಿದ ಪಾಠವನ್ನು ಇಲ್ಲಿ ಬರೆದಿದ್ದೇವೆ. ಹಿರಿಯರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ ಒಮ್ಮೆ ಪರೀಕ್ಷಿಸಿ ನೋಡಿರಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ಕಳಕಳಿಯ ವಿನಂತಿ.