ಚಂದಾ ಕೊಟ್ಟರೂ ತಪ್ಪದ ಜಾಹೀರಾತು: ಹವ್ಯಾಸ ಪತ್ರಿಕೆಗಳ ಜಾಲತಾಣ ಮತ್ತು ಓದುಗರ ಹಕ್ಕು

ದೇವನಹಳ್ಳಿ ತಾಲ್ಲೂಕಿನ ಆವತಿ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯ ಗ್ರಾಮ. ಆವತಿ ನಾಡಪ್ರಭುಗಳ ಮೂಲಸ್ಥಾನವೆಂದು ಇತಿಹಾಸದಲ್ಲಿ ಹೆಸರಾದ ಈ ಊರಿಗೆ ಈಗ ಮತ್ತೊಂದು ಬಗೆಯ ಪ್ರಸಿದ್ಧಿಯೂ ಸೇರಿಕೊಂಡಿದೆ. ಇಲ್ಲಿನ ಬಂಡೆಗುಡ್ಡ ಮತ್ತು ಅದರ ಮೇಲಿನ ತಿಮ್ಮರಾಯಸ್ವಾಮಿ ದೇವಸ್ಥಾನ ರಾಜಧಾನಿಯ ಚಾರಣಿಗರನ್ನೂ ಛಾಯಾಗ್ರಾಹಕರನ್ನೂ ಸೆಳೆಯುತ್ತಿವೆ. ಸಮೀಪದ ನಂದಿಬೆಟ್ಟ ಪಕ್ಷಿವೀಕ್ಷಕರಿಗೆ ಅಚ್ಚುಮೆಚ್ಚಿನ ತಾಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಬಳಿಕ, ವಿಮಾನಗಳನ್ನು ಗುರುತಿಸಿ ಚಿತ್ರ ತೆಗೆಯುವ ಹವ್ಯಾಸಿಗಳೂ ಈ ಸೀಮೆಗೆ ಬರತೊಡಗಿದರು.

ಹೀಗೆ ಬರುವವರಲ್ಲಿ ಅನೇಕರು ತಮ್ಮ ಹವ್ಯಾಸಕ್ಕೆ ಮೀಸಲಾದ ಪತ್ರಿಕೆಗಳ ಚಂದಾದಾರರು. ಕ್ಯಾಮೆರಾ, ಪಕ್ಷಿವೀಕ್ಷಣೆ, ವಿಮಾನ, ತೋಟಗಾರಿಕೆ, ಚದುರಂಗ, ಅಂಚೆಚೀಟಿ ಸಂಗ್ರಹ, ಹೀಗೆ ಪ್ರತಿಯೊಂದಕ್ಕೂ ಪತ್ರಿಕೆಗಳಿವೆ. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಇಂಥ ಪತ್ರಿಕೆಗಳನ್ನು ಈಗ ಹೆಚ್ಚಿನವರು ಜಾಲತಾಣದಲ್ಲಿ, ಅದೂ ಮೊಬೈಲಿನಲ್ಲಿ ಓದುತ್ತಾರೆ. ವರ್ಷದ ಚಂದಾ ಕಟ್ಟಿದ ಮೇಲೂ ಪುಟದ ತುಂಬ ಜಾಹೀರಾತುಗಳೇ ಎದುರಾಗುತ್ತವೆ ಎಂಬುದು ಈ ಓದುಗರ ಸಾಮಾನ್ಯ ದೂರು. ಈ ದೂರಿನಲ್ಲಿ ನ್ಯಾಯವೆಷ್ಟು, ಕಾನೂನಿನ ಬೆಂಬಲವೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ತಕರಾರು ಏನು?

ನಂದಿಬೆಟ್ಟದಂಥ ಬಂಡೆಗಲ್ಲಿನ ಬೆಟ್ಟಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿ ವಾಸಿಸುತ್ತದೆ. ಕುರುಚಲು ಪ್ರದೇಶದಲ್ಲಿ ಸಾಮಾನ್ಯವಾಗಿ ಕಾಣುವ ಬಿಳಿ ಹುಬ್ಬಿನ ಪಿಕಳಾರದಿಂದ ಅದನ್ನು ಬೇರೆಯಾಗಿ ಗುರುತಿಸಬೇಕಾದರೆ ಕೊರಳಿನ ಬಣ್ಣ ನೋಡಬೇಕು. ಎರಡಕ್ಕೂ ಬಾಲದ ಬುಡದಲ್ಲಿ ಹಳದಿ ಛಾಯೆಯಿರುವುದರಿಂದ ಹೊಸಬರು ಮೋಸಹೋಗುವುದುಂಟು. ಪಕ್ಷಿ ಪತ್ರಿಕೆಯ ಓದುಗ ಚಂದಾ ಕೊಡುವುದು ಇಂಥದೊಂದು ಸಾಲಿಗಾಗಿ. ಹಕ್ಕಿ ಕಣ್ಣೆದುರು ಇರುವ ಅರೆನಿಮಿಷದಲ್ಲಿ ಆ ಸಾಲಿನ ಮೇಲೆಯೇ ಗೃಹಸಾಲದ ಜಾಹೀರಾತೊಂದು ಪರದೆಯಂತೆ ಇಳಿದರೆ, ಅದನ್ನು ಮುಚ್ಚುವ ಗುರುತು ಸಾಸಿವೆಯಷ್ಟು ಸಣ್ಣದಾಗಿದ್ದರೆ, ಬೆರಳು ತುಸು ಜಾರಿದೊಡನೆ ಬೇರೆಯೇ ತಾಣ ತೆರೆದುಕೊಂಡರೆ, ಕೊಟ್ಟ ಹಣ ಯಾವುದಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅಡ್ಡಿಪಡಿಸುವ ಜಾಹೀರಾತು ಯಾವುದು ಎಂಬುದಕ್ಕೆ ಉದ್ಯಮವೇ ಒಪ್ಪಿಕೊಂಡ ಅಳತೆಗೋಲುಗಳಿವೆ. ಜಾಹೀರಾತು ಮತ್ತು ಅಂತರ್ಜಾಲ ಕಂಪನಿಗಳು ಸೇರಿ 2016ರಲ್ಲಿ ರಚಿಸಿದ 'ಕೊಯಲಿಷನ್ ಫಾರ್ ಬೆಟರ್ ಆ್ಯಡ್ಸ್' ಎಂಬ ಒಕ್ಕೂಟ 2017ರಲ್ಲಿ ತನ್ನ ಮಾನದಂಡಗಳನ್ನು ಪ್ರಕಟಿಸಿತು. ಕಂಪ್ಯೂಟರಿನಲ್ಲಿ ದಿಢೀರನೆ ಎದ್ದುನಿಲ್ಲುವ ಪಾಪ್-ಅಪ್, ತಾನಾಗಿ ಸದ್ದು ಮಾಡುವ ವಿಡಿಯೊ, ಕ್ಷಣಗಣನೆ ಮುಗಿಯುವವರೆಗೂ ಪುಟ ತೋರಿಸದ ಜಾಹೀರಾತು, ಪರದೆಯ ಅಂಚಿಗೆ ಅಂಟಿಕೊಂಡ ದೊಡ್ಡ ಪಟ್ಟಿ, ಈ ನಾಲ್ಕನ್ನು ಅದು ಅಸಹನೀಯವೆಂದು ಗುರುತಿಸಿತು. ಮೊಬೈಲಿನ ಮಟ್ಟಿಗೆ ಇಂಥ ಎಂಟು ಬಗೆಗಳನ್ನು ಹೆಸರಿಸಲಾಯಿತು. ಪುಟದ ಮುಖ್ಯ ಭಾಗದಲ್ಲಿ ಶೇಕಡ 30ಕ್ಕಿಂತ ಹೆಚ್ಚು ಎತ್ತರವನ್ನು ಜಾಹೀರಾತು ಆಕ್ರಮಿಸುವುದೂ ಅವುಗಳಲ್ಲೊಂದು. ಈ ಮಾನದಂಡಗಳನ್ನು ಪದೇ ಪದೇ ಮೀರುವ ತಾಣಗಳ ಜಾಹೀರಾತುಗಳನ್ನು ಗೂಗಲ್ ಸಂಸ್ಥೆಯ ಕ್ರೋಮ್ 2018ರ ಫೆಬ್ರವರಿಯಿಂದ ತಡೆಯತೊಡಗಿತು. 2019ರ ಜುಲೈಯಲ್ಲಿ ಈ ಕ್ರಮ ಎಲ್ಲ ದೇಶಗಳಿಗೂ ವಿಸ್ತರಿಸಿತು.

ಆದರೆ ಇವು ಎಲ್ಲ ತಾಣಗಳಿಗೂ ಅನ್ವಯಿಸುವ ಕನಿಷ್ಠ ಮಟ್ಟ. ಚಂದಾದಾರರಿಗೆ ಪ್ರತ್ಯೇಕ ರಿಯಾಯಿತಿಯೇನೂ ಇವುಗಳಲ್ಲಿಲ್ಲ.

ಮುದ್ರಿತ ಪುಟದಲ್ಲಿ ಈ ಜಗಳ ಏಕಿರಲಿಲ್ಲ?

ಮುದ್ರಿತ ಹವ್ಯಾಸ ಪತ್ರಿಕೆಗಳಲ್ಲೂ ಜಾಹೀರಾತುಗಳಿದ್ದವು. ಓದುಗರು ಅವುಗಳನ್ನು ಸಹಿಸಿಕೊಂಡರು ಎನ್ನುವುದಕ್ಕಿಂತ ಬಯಸಿ ಓದಿದರು ಎನ್ನುವುದೇ ಹೆಚ್ಚು ಸರಿ. ಛಾಯಾಗ್ರಹಣ ಪತ್ರಿಕೆಯಲ್ಲಿ ಮಸೂರಗಳ ಬೆಲೆಪಟ್ಟಿ, ಕೃಷಿ ಪತ್ರಿಕೆಯಲ್ಲಿ ಸಸಿ ಮತ್ತು ಯಂತ್ರಗಳ ಪ್ರಕಟಣೆ, ಅಂಚೆಚೀಟಿ ಪತ್ರಿಕೆಯಲ್ಲಿ ವಿನಿಮಯದ ಕೋರಿಕೆ, ಇವೆಲ್ಲ ಹವ್ಯಾಸದ ಭಾಗವೇ ಆಗಿದ್ದವು. ಜಾಹೀರಾತುದಾರ ಕೊಂಡುಕೊಳ್ಳುತ್ತಿದ್ದುದು ಆ ಪತ್ರಿಕೆಯ ಪುಟವನ್ನು. ಪುಟದ ವಿಷಯಕ್ಕೂ ಅವನ ಸರಕಿಗೂ ನಂಟಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಜಾಹೀರಾತು ಲೇಖನದ ಪಕ್ಕದಲ್ಲಿ ಕುಳಿತಿರುತ್ತಿತ್ತೇ ಹೊರತು ಅದರ ಮೇಲೇರುತ್ತಿರಲಿಲ್ಲ.

ಜಾಲತಾಣದಲ್ಲಿ ಈ ನಂಟು ಕಡಿದುಹೋಯಿತು. ಪಾಪ್-ಅಪ್ ಜಾಹೀರಾತು ಹುಟ್ಟಿದ ಬಗೆಯೇ ಇದಕ್ಕೆ ಸಾಕ್ಷಿ. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸ ಮಾಡುತ್ತಿದ್ದ ಈಥನ್ ಝುಕರ್‌ಮನ್ ಅದರ ಮೊದಲ ಸಂಕೇತವನ್ನು ಬರೆದರು. ಅಶ್ಲೀಲ ಪುಟವೊಂದರಲ್ಲಿ ತನ್ನ ಜಾಹೀರಾತು ಕಾಣಿಸಿಕೊಂಡಿತೆಂದು ಕಾರು ಕಂಪನಿಯೊಂದು ಕಸಿವಿಸಿಗೊಂಡಾಗ, ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ತೋರಿಸಲು ಅದನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಉಪಾಯ ಹೊಳೆಯಿತು. 2014ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಇದಕ್ಕಾಗಿ ಕ್ಷಮೆ ಕೋರಿದರು.

ಹರಾಜಿಗಿಟ್ಟ ಓದುಗ

ಇಂದು ಬಹುತೇಕ ತಾಣಗಳಲ್ಲಿ ಜಾಹೀರಾತನ್ನು ಆರಿಸುವುದು ಸಂಪಾದಕರೂ ಅಲ್ಲ, ಪತ್ರಿಕೆಯ ಜಾಹೀರಾತು ವಿಭಾಗವೂ ಅಲ್ಲ. ಓದುಗ ಪುಟವನ್ನು ತೆರೆದೊಡನೆ ಅಲ್ಲಿನ ಖಾಲಿ ಜಾಗ ಸ್ವಯಂಚಾಲಿತ ಹರಾಜಿಗೆ ಹೋಗುತ್ತದೆ. ಓದುಗ ಹಿಂದೆ ನೋಡಿದ ತಾಣಗಳು, ಅವನಿರುವ ಸ್ಥಳ, ಬಳಸುವ ಮೊಬೈಲ್ ಇತ್ಯಾದಿ ವಿವರಗಳನ್ನು ಆಧರಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಗು ಮುಗಿದು, ಹೆಚ್ಚು ಬೆಲೆ ಕೂಗಿದವನ ಜಾಹೀರಾತು ಪರದೆಗೆ ಬರುತ್ತದೆ. ಇಲ್ಲಿ ಮಾರಾಟವಾಗುವುದು ಪುಟಕ್ಕಿಂತ ಹೆಚ್ಚಾಗಿ ಓದುಗನ ಗಮನ. ಆದ್ದರಿಂದಲೇ ಪಿಕಳಾರದ ಲೇಖನದಲ್ಲಿ ದುರ್ಬೀನಿನ ಬದಲು ಗೃಹಸಾಲ ಕಾಣಿಸಿಕೊಳ್ಳುತ್ತದೆ.

ಲಾಗಿನ್ ಆದ ಚಂದಾದಾರನನ್ನು ತಾಣ ಗುರುತಿಸಬಲ್ಲದು. ಅವನ ಮಟ್ಟಿಗೆ ಈ ಹರಾಜಿನ ಕರೆಯನ್ನೇ ಕಳುಹಿಸದಿರುವುದು ತಾಂತ್ರಿಕವಾಗಿ ಸಾಧ್ಯ. ಆದರೂ ಜಾಹೀರಾತು ಬರುವುದಕ್ಕೆ ಎರಡು ಕಾರಣಗಳಿವೆ. ಚಂದಾ ಎಂದರೆ ಬೀಗ ಹಾಕಿದ ಲೇಖನಗಳನ್ನು ತೆರೆಯುವ ಹಕ್ಕು ಮಾತ್ರ, ಜಾಹೀರಾತಿನಿಂದ ಬಿಡುಗಡೆಯಲ್ಲ ಎಂದು ಪ್ರಕಾಶಕರೇ ನಿರ್ಧರಿಸಿರುವುದು ಮೊದಲನೆಯದು. ಎರಡನೆಯದು ಸಣ್ಣ ತೊಡಕು. ವಾಟ್ಸ್‌ಆ್ಯಪ್ ಅಥವಾ ಫೇಸ್‌ಬುಕ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿದಾಗ ಪುಟ ಓದುಗ ಲಾಗಿನ್ ಆಗಿರದ ಮತ್ತೊಂದು ಬ್ರೌಸರಿನಲ್ಲಿ ತೆರೆದುಕೊಳ್ಳಬಹುದು. ಆಗ ತಾಣ ಅವನನ್ನು ಅಪರಿಚಿತನೆಂದೇ ಎಣಿಸುತ್ತದೆ.

ಪ್ರಕಾಶಕರ ಕಡೆಯ ಮಾತು

ಪ್ರಕಾಶಕರ ವಾದವನ್ನು ತಳ್ಳಿಹಾಕುವಂತಿಲ್ಲ. ಹವ್ಯಾಸ ಪತ್ರಿಕೆಯ ಓದುಗರು ಕಡಿಮೆ, ವಿಶೇಷಜ್ಞರ ಲೇಖನ ಮತ್ತು ಛಾಯಾಚಿತ್ರಗಳ ವೆಚ್ಚ ಹೆಚ್ಚು. ಚಂದಾ ಹಣವೊಂದರಿಂದಲೇ ಪತ್ರಿಕೆ ನಡೆಯುವುದು ಕಷ್ಟ. ಜಾಹೀರಾತು ಪತ್ರಿಕೆಯ ಬೆಲೆಯನ್ನು ತಗ್ಗಿಸುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 1961ರಷ್ಟು ಹಿಂದೆಯೇ ಗುರುತಿಸಿತ್ತು. ಪುಣೆಯ 'ಸಕಾಳ್' ಪತ್ರಿಕೆಯ ಪ್ರಕರಣದಲ್ಲಿ, ಜಾಹೀರಾತಿನ ಜಾಗಕ್ಕೆ ಸರ್ಕಾರ ಮಿತಿ ಹೇರಿದರೆ ಪತ್ರಿಕೆಯ ಬೆಲೆ ಏರಿ ಪ್ರಸಾರ ಕುಗ್ಗುತ್ತದೆ, ಅದರಿಂದ ವಾಕ್ ಸ್ವಾತಂತ್ರ್ಯಕ್ಕೇ ಧಕ್ಕೆಯಾಗುತ್ತದೆ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಹಣ ಪಡೆದೂ ಜಾಹೀರಾತು ತೋರಿಸುವ ಪದ್ಧತಿ ಪತ್ರಿಕೆಗಳಿಗೆ ಸೀಮಿತವೂ ಅಲ್ಲ. ಅಮೆಜಾನ್ ಸಂಸ್ಥೆಯ ಪ್ರೈಮ್ ವಿಡಿಯೊ 2025ರ ಜೂನ್ 17ರಿಂದ ಭಾರತದ ಚಂದಾದಾರರಿಗೂ ಜಾಹೀರಾತು ತೋರಿಸಲಾರಂಭಿಸಿತು. ಜಾಹೀರಾತು ಬೇಡವೆನ್ನುವವರಿಗೆ ತಿಂಗಳಿಗೆ 129 ರೂಪಾಯಿ ಅಥವಾ ವರ್ಷಕ್ಕೆ 699 ರೂಪಾಯಿ ಹೆಚ್ಚುವರಿ ದರವನ್ನು ಅದು ಪ್ರಕಟಿಸಿತು. ಈ ಕ್ರಮ ಹಲವರಿಗೆ ರುಚಿಸಲಿಲ್ಲವಾದರೂ, ಜಾಹೀರಾತುಸಹಿತ ದರ ಯಾವುದು, ಜಾಹೀರಾತುರಹಿತ ದರ ಯಾವುದು ಎಂಬುದು ಅಲ್ಲಿ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಹವ್ಯಾಸ ಪತ್ರಿಕೆಗಳ ಓದುಗನಿಗೆ ಎಷ್ಟೋ ವೇಳೆ ಈ ಸ್ಪಷ್ಟತೆಯೂ ದೊರೆಯುವುದಿಲ್ಲ.

ಬೆಂಗಳೂರಿನ ಚಿತ್ರಮಂದಿರ ಎತ್ತಿದ ಪ್ರಶ್ನೆ

ಹಣ ಕೊಟ್ಟವನಿಗೆ ಬಲವಂತವಾಗಿ ಜಾಹೀರಾತು ತೋರಿಸಬಹುದೇ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬೇರೊಂದು ರೂಪದಲ್ಲಿ ನ್ಯಾಯಪೀಠದ ಮುಂದೆ ಬಂದಿದೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಸಂಜೆ 4.05ರ ಪ್ರದರ್ಶನಕ್ಕೆ ಟಿಕೆಟ್ ಕೊಂಡಿದ್ದ ಪ್ರೇಕ್ಷಕರೊಬ್ಬರು, ಜಾಹೀರಾತು ಮತ್ತು ಮುನ್ನೋಟಗಳ ನಂತರ ಚಿತ್ರ 4.30ಕ್ಕೆ ಆರಂಭವಾಯಿತೆಂದು ದೂರು ಸಲ್ಲಿಸಿದರು. ಬೆಂಗಳೂರು ನಗರ ಜಿಲ್ಲಾ ಗ್ರಾಹಕ ಆಯೋಗ 2025ರ ಫೆಬ್ರವರಿಯಲ್ಲಿ ದೂರುದಾರರ ಪರ ಆದೇಶ ನೀಡಿ, ಪರಿಹಾರದ ಜೊತೆಗೆ ಗ್ರಾಹಕ ಕಲ್ಯಾಣ ನಿಧಿಗೆ ಒಂದು ಲಕ್ಷ ರೂಪಾಯಿ ಪಾವತಿಸುವಂತೆ ಚಿತ್ರಮಂದಿರದ ಸಂಸ್ಥೆಗೆ ಸೂಚಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಈ ಆದೇಶಕ್ಕೆ ಮಧ್ಯಂತರ ತಡೆ ನೀಡಿತು. ಒಬ್ಬ ಗ್ರಾಹಕನ ದೂರನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ಆಯೋಗ ಪರಿಗಣಿಸಿದೆ ಎಂಬ ಆಕ್ಷೇಪವೂ ಹೈಕೋರ್ಟಿನಿಂದ ಬಂತು.

ಆದ್ದರಿಂದ ಈ ಪ್ರಕರಣವನ್ನು ಚಂದಾದಾರರ ಗೆಲುವೆಂದು ಉಲ್ಲೇಖಿಸುವಂತಿಲ್ಲ. ಆದರೆ ಅದು ಎತ್ತಿದ ಪ್ರಶ್ನೆ ಉಳಿದುಕೊಂಡಿದೆ: ಟಿಕೆಟಿನ ಮೇಲೆ ಮುದ್ರಿಸಿದ ವೇಳೆ ಒಂದು ವಚನವಾದರೆ, ಚಂದಾ ಪುಟದಲ್ಲಿ ಬರೆದ ಮಾತೂ ವಚನವಲ್ಲವೇ?

ಕಾನೂನು ಏನು ಹೇಳುತ್ತದೆ?

ಚಂದಾದಾರನಿಗೆ ಜಾಹೀರಾತು ತೋರಿಸಲೇಬಾರದೆಂಬ ಕಾನೂನು ಭಾರತದಲ್ಲಿಲ್ಲ. ತೋರಿಸುವ ರೀತಿಗೆ ಮಾತ್ರ ಕಟ್ಟುಪಾಡುಗಳಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, 'ಡಾರ್ಕ್ ಪ್ಯಾಟರ್ನ್' ಎಂದು ಕರೆಯಲಾಗುವ 13 ಬಗೆಯ ಕಪಟ ವಿನ್ಯಾಸಗಳನ್ನು ನಿಷೇಧಿಸಿದೆ. ಮುಚ್ಚುವ ಗುರುತನ್ನು ಒತ್ತಿದಾಗ ಮತ್ತೊಂದು ಜಾಹೀರಾತು ತೆರೆಯುವಂತೆ ಮಾಡುವುದನ್ನು ಅದು ಉದಾಹರಣೆಯಾಗಿಯೇ ಹೆಸರಿಸಿದೆ. ಸುದ್ದಿ ಅಥವಾ ಲೇಖನದ ವೇಷದಲ್ಲಿ ಬರುವ ಜಾಹೀರಾತು, ಒಂದನ್ನು ಹೇಳಿ ಮತ್ತೊಂದನ್ನು ಕೊಡುವುದು, ಪದೇ ಪದೇ ಅಡ್ಡಬಂದು ಪೀಡಿಸುವುದು, ಚಂದಾ ರದ್ದುಪಡಿಸುವ ದಾರಿಯನ್ನು ಬಚ್ಚಿಡುವುದು ಕೂಡ ಆ ಪಟ್ಟಿಯಲ್ಲಿವೆ.

ಅಂದರೆ 'ಜಾಹೀರಾತುರಹಿತ' ಎಂದು ಬರೆದು ಹಣ ಪಡೆದು, ಅನಂತರ ಜಾಹೀರಾತು ತೋರಿಸಿದರೆ ಓದುಗನ ದೂರಿಗೆ ಗಟ್ಟಿ ಆಧಾರವಿದೆ. 'ಎಲ್ಲ ಲೇಖನಗಳೂ ಲಭ್ಯ' ಎಂದಷ್ಟೇ ಬರೆದಿದ್ದರೆ, ಜಾಹೀರಾತು ಇದೆಯೆಂಬ ಒಂದೇ ಕಾರಣಕ್ಕೆ ಪರಿಹಾರ ಸಿಗುವುದು ಕಷ್ಟ. ಓದುಗನ ಹಕ್ಕು ನಿಂತಿರುವುದು ಹಣ ಕೊಡುವ ಮುನ್ನ ಓದಿದ ಆ ಸಾಲಿನ ಮೇಲೆ.

ಚಂದಾದಾರ ಮಾಡಬಹುದಾದದ್ದು

ಹಣ ಕಟ್ಟುವ ಮುನ್ನ ಚಂದಾ ಪುಟವನ್ನು ಪೂರ್ತಿ ಓದಿ, ಅದರ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಜಾಹೀರಾತು ಕಾಣಿಸಿದರೆ ಮೊದಲು ಲಾಗಿನ್ ಆಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ಪತ್ರಿಕೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಭಾರತದಲ್ಲಿ ಕಚೇರಿಯಿಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರಾಟ ಮಾಡುವ ಸಂಸ್ಥೆಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ.

ಅದೂ ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೂರುದಾರ ವಾಸಿಸುವ ಸ್ಥಳದಲ್ಲೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಪತ್ರಿಕೆಯ ಕಚೇರಿ ಮುಂಬೈಯಲ್ಲಿರಲಿ, ಲಂಡನ್ನಿನಲ್ಲಿರಲಿ, ಆವತಿಯ ಚಂದಾದಾರ ತನ್ನ ಜಿಲ್ಲೆಯ ವ್ಯಾಪ್ತಿಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.

ಜಾಹೀರಾತು ತಡೆಯುವ ತಂತ್ರಾಂಶ ತಕ್ಷಣದ ಉಪಶಮನ ನೀಡುತ್ತದೆ. ಫೈರ್‌ಫಾಕ್ಸ್ ಮತ್ತು ಸಫಾರಿಯ 'ರೀಡರ್' ವಿಧಾನ ಲೇಖನವನ್ನಷ್ಟೇ ಉಳಿಸಿ ಪುಟವನ್ನು ತಿಳಿಯಾಗಿಸುತ್ತದೆ. ಆದರೆ ತಡೆ ತಂತ್ರಾಂಶವಿದ್ದರೆ ಪುಟವನ್ನೇ ತೆರೆಯದ ತಾಣಗಳೂ ಇವೆ. ಅಂಥಲ್ಲಿ ಓದುಗನ ಕೈಯಲ್ಲಿ ಉಳಿಯುವ ಅಸ್ತ್ರ ನವೀಕರಣ. ಕಾರ್ಡಿನ ಮೂಲಕ ಚಂದಾ ತಾನಾಗಿ ಕಡಿತಗೊಳ್ಳುವಂತಿದ್ದರೆ, 24 ಗಂಟೆ ಮೊದಲೇ ಸೂಚನೆ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆ ಸಂದೇಶವನ್ನು ಕಡೆಗಣಿಸದೆ, ಬೇಡವೆನಿಸಿದರೆ ಅಂದೇ ರದ್ದುಪಡಿಸಿ, ಕಾರಣವನ್ನು ಸಂಪಾದಕರಿಗೆ ಬರೆದು ತಿಳಿಸಬಹುದು.

ಪ್ರಕಾಶಕರಿಂದ ಓದುಗರು ಕೇಳುತ್ತಿರುವುದು ದೊಡ್ಡದೇನಲ್ಲ. ಜಾಹೀರಾತು ಇದೆಯೋ ಇಲ್ಲವೋ ಎಂಬುದನ್ನು ದರದ ಪಕ್ಕದಲ್ಲೇ ಬರೆಯಲಿ. ಇರುವುದಾದರೆ ಲೇಖನದ ಬದಿಗಿರಲಿ, ಹವ್ಯಾಸಕ್ಕೆ ಹೊಂದುವಂತಿರಲಿ. ದುರ್ಬೀನಿನ ಜಾಹೀರಾತನ್ನು ಪಕ್ಷಿವೀಕ್ಷಕರು ಎಂದೂ ಬೇಡವೆಂದವರಲ್ಲ.