ಟ್ರೌಟ್ ಹೊಳೆಗಳ ತೇಲುವ ನೊಣ

ಗಾಳದ ಕೊಕ್ಕೆಗೆ ಗರಿ, ತುಪ್ಪುಳ, ರೇಷ್ಮೆ ನೂಲು ಸುತ್ತಿ ಕಟ್ಟಿದ, ಮುಳುಗದೆ ತೇಲುವ ಹುಸಿನೊಣವೇ ಡ್ರೈ ಫ್ಲೈ. ಹೊಳೆಯ ತಳದಲ್ಲಿ ಬೆಳೆದ ಮೇಫ್ಲೈಗಳು ರೆಕ್ಕೆ ಬಿಚ್ಚಲು ನೀರಿನ ಮೇಲೆ ಬಂದಾಗ ಟ್ರೌಟ್ ಮೀನು ಅವುಗಳನ್ನು ಹೆಕ್ಕಿ ತಿನ್ನುತ್ತದೆ. ಆಗ ಅದರ ಮುಂದೆ ಇದನ್ನು ತೇಲಿಬಿಡುತ್ತಾರೆ. ಹುಸಿನೊಣ ಕಟ್ಟುವ ವಿದ್ಯೆ ಬಹಳ ಹಳೆಯದು. ಮ್ಯಾಸಿಡೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಎರಡು ಗರಿ ಸೇರಿಸುತ್ತಿದ್ದರೆಂದು ಕ್ರಿ.ಶ. 200ರ ಸುಮಾರಿಗೆ ಏಲಿಯನ್ ಬರೆದಿದ್ದಾನೆ. ಆದರೆ ಬೇಕೆಂದೇ ನೊಣವನ್ನು ತೇಲಿಸುವ ಕ್ರಮ ನೆಲೆಗೊಂಡದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ.

ಅಲ್ಲಿನ ಹ್ಯಾಂಪ್‌ಶೈರ್‌ನ ಟೆಸ್ಟ್ ಮತ್ತು ಇಚೆನ್ ನದಿಗಳು ಸೀಮೆಸುಣ್ಣದ ಕಲ್ಲಿನ ನೆಲದವು. ಮಳೆನೀರು ಕಲ್ಲಿನಲ್ಲಿ ಇಂಗಿ ಊಟೆಯಾಗಿ ಹೊರಬರುವುದರಿಂದ ಹರಿವು ಏರಿಳಿಯುವುದು ಕಡಿಮೆ, ನೀರು ತಿಳಿ, ಜೊಂಡು ಮತ್ತು ಹುಳುಗಳು ಹೇರಳ. ಯಾವ ಮೀನು ಯಾವ ನೊಣ ತಿನ್ನುತ್ತಿದೆ ಎಂಬುದು ದಡದಿಂದಲೇ ಕಾಣುತ್ತದೆ. ನೆನೆದ ನೊಣ ಬಿಚ್ಚಿ ಒಣಗಿದ್ದನ್ನು ಕಟ್ಟಿಕೊಳ್ಳಬೇಕೆಂದು ಜಿ. ಪಿ. ಆರ್. ಪುಲ್ಮನ್ 1851ರಲ್ಲೇ ಬರೆದಿದ್ದರೂ ಅದು ಸುಲಭವಿರಲಿಲ್ಲ. ಆಗಿನ ಕೊಕ್ಕೆಗೆ ದಾರ ಪೋಣಿಸುವ ಕಣ್ಣಿರಲಿಲ್ಲ. ರೇಷ್ಮೆಹುಳುವಿನಿಂದ ತೆಗೆದ ಎಳೆಯನ್ನು ಅದರ ಕಾಂಡಕ್ಕೇ ಬಿಗಿಯುತ್ತಿದ್ದರು. ನೀರು ಕೊಡವಲು ಗಾಳಿಯಲ್ಲಿ ಮತ್ತೆ ಮತ್ತೆ ಬೀಸಿದಂತೆ ಎಳೆ ಸವೆದು ನೊಣವೇ ಹಾಳಾಗುತ್ತಿತ್ತು. ಈ ತೊಡಕು ನೀಗಿಸಿದ್ದು ಸಣ್ಣ, ಹಗುರ, ಕಣ್ಣುಳ್ಳ ಕೊಕ್ಕೆ. 1870ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದವರಲ್ಲಿ ಎಚ್. ಎಸ್. ಹಾಲ್ ಮುಖ್ಯರು, ‘ಹಾಲ್ ಅಂಡ್ ನೈಟ್’ ಬೀಜಗಣಿತದಿಂದ ಭಾರತದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಪರಿಚಿತರಾದ ಹಾಲ್ ಅವರೇ.

ಕಟ್ಟುವಾಗ ಗುಟ್ಟಿರುವುದು ಹುಂಜದ ಕತ್ತಿನ ಗರಿಯಲ್ಲಿ. ಹೇಟೆಯ ಗರಿ ಮೆದು, ನೀರು ಹೀರುತ್ತದೆ, ಹುಂಜದ್ದು ಬಿರುಸು. ಅದನ್ನು ಕೊಕ್ಕೆಯ ಕಾಂಡಕ್ಕೆ ಸುತ್ತಿದರೆ ಎಳೆಗಳು ಸುತ್ತಲೂ ಕೆದರಿ ನಿಂತು ನೊಣವನ್ನು ಎತ್ತಿಹಿಡಿಯುತ್ತವೆ. ನೊಣವನ್ನು ಮೀನಿನ ಹಿಂದಿನಿಂದ, ಪ್ರವಾಹಕ್ಕೆ ಎದುರಾಗಿ ಬೀಸಬೇಕು. ದಾರದ ಎಳೆತಕ್ಕೆ ನೊಣ ನೀರಿನ ಮೇಲೆ ಅಡ್ಡ ಜಾರಿತೋ, ಟ್ರೌಟ್ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಇದರಲ್ಲಿ ಪಳಗಲು ವರ್ಷಗಳೇ ಬೇಕು.

ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರು ಫ್ರೆಡರಿಕ್ ಹಾಲ್‌ಫರ್ಡ್. 1886ರಲ್ಲಿ ನೊಣ ಕಟ್ಟುವ ಬಗ್ಗೆ, 1889ರಲ್ಲಿ ಅದನ್ನು ಬಳಸುವ ಬಗ್ಗೆ ಅವರ ಪುಸ್ತಕಗಳು ಬಂದವು. ಅವರಿಗೆ ಬೆನ್ನೆಲುಬಾಗಿದ್ದ ಜಾರ್ಜ್ ಮ್ಯಾರಿಯಟ್ ಮುಖಪುಟದಲ್ಲಿ ತಮ್ಮ ಹೆಸರು ಬೇಡವೆಂದರು; ಅವರಿಗೆ ಸಲ್ಲಬೇಕಾದ ಮನ್ನಣೆ ಇಂದಿಗೂ ಪೂರ್ತಿ ಸಂದಿಲ್ಲ. 1890ರಲ್ಲಿ ಹಾಲ್‌ಫರ್ಡ್ ಕಳುಹಿಸಿದ ನೊಣಗಳನ್ನು ನೋಡಿ ಅಮೆರಿಕದ ಥಿಯೊಡೋರ್ ಗಾರ್ಡನ್, ಕ್ಯಾಟ್ಸ್‌ಕಿಲ್ ಬೆಟ್ಟಗಳ ರಭಸದ ಹೊಳೆಗಳಿಗೂ ಅಲ್ಲಿನ ಹುಳುಗಳಿಗೂ ಒಪ್ಪುವ ನೊಣಗಳನ್ನು ಕಟ್ಟಿದರು.

ಹಾಲ್‌ಫರ್ಡ್ ಅನುಯಾಯಿಗಳ ಕೈಯಲ್ಲಿ ವಿದ್ಯೆ ಕಟ್ಟಳೆಯಾಯಿತು: ತೇಲುವ ನೊಣ ಬಿಟ್ಟು ಬೇರೆ ಸಲ್ಲದು. ಟ್ರೌಟ್ ಹೆಚ್ಚಿನ ಆಹಾರವನ್ನು ನೀರಿನೊಳಗೇ ಹಿಡಿಯುತ್ತದೆ ಎಂದು ಕಂಡುಕೊಂಡ ಜಿ. ಇ. ಎಂ. ಸ್ಕ್ಯೂಸ್ 1910ರ ತಮ್ಮ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು. 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಈ ಕುರಿತು ಬಹಿರಂಗ ವಾದವೇ ನಡೆಯಿತು. ಮೀನಿನ ಊಟದ ವಿಷಯದಲ್ಲಿ ಸ್ಕ್ಯೂಸ್ ಹೇಳಿದ್ದೇ ಸರಿ. ಆದರೂ ಟೆಸ್ಟ್ ನದಿಯ ಹಲವು ಭಾಗಗಳಲ್ಲಿ ಋತುವಿನ ಮೊದಲ ತಿಂಗಳುಗಳಲ್ಲಿ ಇಂದಿಗೂ ಡ್ರೈ ಫ್ಲೈಗೆ ಮಾತ್ರ ಅನುಮತಿ.