ಕವಡೆಯ ಹೆಸರಿನ ದುಡ್ಡು

‘ನಿನಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಕಣೋ’ ಎಂಬ ಬೈಗುಳ ತಿನ್ನದೆ ಬೆಳೆದವರು ನಮ್ಮ ಕೇರಿಯಲ್ಲಿ ಯಾರಿದ್ದಾರೆ? ಹಾಗಾಗಿ, ಒಂದು ದೇಶ ತನ್ನ ದುಡ್ಡಿಗೇ ಕವಡೆ ಅಂತ ಹೆಸರಿಟ್ಟುಕೊಂಡಿದೆ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ದೇಶ ಪಶ್ಚಿಮ ಆಫ್ರಿಕದ ಘಾನಾ. ಅಲ್ಲಿನ ದುಡ್ಡು ಸೀಡಿ. ಅಕಾನ್ ಜನರ ನುಡಿಯಲ್ಲಿ ಕವಡೆಗೆ ಇರುವ ಹೆಸರೇ ಅದಕ್ಕೆ ಮೂಲ.

ಆದರೆ ಆ ಕವಡೆ ಅವರ ಕಡಲಿನದಲ್ಲ. ನಮ್ಮ ಪಕ್ಕದ ಮಾಲ್ದೀವ್ ದ್ವೀಪಗಳದು. ಅಲ್ಲಿನವರು ಕವಡೆ ಕೊಟ್ಟು ಬಂಗಾಳದಿಂದ ಅಕ್ಕಿ ತರುತ್ತಿದ್ದರು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಎರಡೂ ತುದಿಯನ್ನು ಕಣ್ಣಾರೆ ಕಂಡವನು. ಮಾಲ್ದೀವ್‌ನಲ್ಲಿ ಒಂದು ಬಂಗಾರದ ದೀನಾರಕ್ಕೆ ನಾಲ್ಕು ಲಕ್ಷ ಕವಡೆ. ಆಫ್ರಿಕದ ಮಾಲಿಯಲ್ಲಿ ಬರೀ 1,150. ನಡುವಿನ ಲಾಭ ಯಾರ ಹೊಟ್ಟೆ ಸೇರಿತು ಅಂತ ಹೇಳಬೇಕೆ?

ಆ ಲಾಭದ ವಾಸನೆ ಹಿಡಿದೇ ಯುರೋಪಿನ ಹಡಗುಗಳು ಬಂದವು. ಡಚ್ಚರು, ಇಂಗ್ಲಿಷರು ಕವಡೆಯನ್ನು ಹಡಗಿನ ತಳಕ್ಕೆ ಭಾರವಾಗಿ ತುಂಬಿಕೊಂಡು ಆಮ್‌ಸ್ಟರ್‌ಡ್ಯಾಮ್, ಲಂಡನ್ನಿಗೆ ಒಯ್ದು ಹರಾಜು ಕೂಗಿದರು. ಗುಲಾಮರ ವ್ಯಾಪಾರಿಗಳು ಅದನ್ನು ಕೊಂಡು ಆಫ್ರಿಕದ ದಂಡೆಗೆ ಹೋದರು. ಕವಡೆ ಎಣಿಸಿ ಕೊಟ್ಟರು, ಮನುಷ್ಯರನ್ನು ಎಣಿಸಿ ತಗೊಂಡರು. ಘಾನಾದ ದಂಡೆಯಲ್ಲಿ ಬಂಗಾರದ ಪುಡಿಯ ಚಲಾವಣೆಯೇ ಹೆಚ್ಚಿತ್ತು. ಕವಡೆಯ ಜೋರು ಅದರ ಪೂರ್ವಕ್ಕೆ. ಬಿಳಿಯರು ಇಟ್ಟ ಹೆಸರು ನೋಡಿ: ಇದು ‘ಬಂಗಾರದ ದಂಡೆ’, ಅದು ‘ಗುಲಾಮರ ದಂಡೆ’. ಸರಕು ಯಾವುದೋ ನಾಡಿಗೂ ಅದೇ ಹೆಸರು!

1957ರಲ್ಲಿ ಸ್ವತಂತ್ರರಾದವರು ಮೊದಲು ಆ ಹೆಸರನ್ನು ಕಿತ್ತೆಸೆದು ಘಾನಾ ಎಂದರು. 1965ರ ಜುಲೈನಲ್ಲಿ ಪೌಂಡನ್ನೂ ಎಸೆದರು. ಒಂದು ಸೀಡಿಗೆ ನೂರು ಪೆಸೆವಾ. ಪೆಸೆವಾ ಅಂದರೆ ಹಿಂದೆ ಬಂಗಾರದ ಪುಡಿ ತೂಗುತ್ತಿದ್ದ ಪುಟ್ಟ ತೂಕ. ದೊಡ್ಡ ದುಡ್ಡಿಗೆ ಕವಡೆಯ ಹೆಸರು, ಚಿಲ್ಲರೆಗೆ ಬಂಗಾರದ್ದು. ಈ ತಲೆಕೆಳಗು ನನಗೆ ಬಲು ಇಷ್ಟ.

ತಮ್ಮವರನ್ನು ಮಾರಿದ ಬೆಲೆಯ ಹೆಸರನ್ನೇ ಇಟ್ಟುಕೊಳ್ಳುವುದು ಮರೆವಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ನನಗೆ ಹಾಗನ್ನಿಸೋದಿಲ್ಲ. ಅದೇ ಕವಡೆಯಿಂದ ಸಂತೆಯ ಹೆಂಗಸರು ಉಪ್ಪು, ಮೀನು ಕೊಂಡು ಮಕ್ಕಳನ್ನು ಸಾಕಿದ್ದಾರೆ. ದಣಿಗಳು ಹೊಲಸು ಮಾಡಿದ ಮಾತ್ರಕ್ಕೆ ಆ ಹೆಸರನ್ನು ಅವರಿಗೇ ಬಿಟ್ಟುಕೊಡಬೇಕೆ?

ಮೊದಲ ನೋಟುಗಳಲ್ಲಿ ಎನ್‌ಕ್ರುಮಾ ಮುಖವಿತ್ತು. 1966ರಲ್ಲಿ ಸೈನ್ಯ ಅವರನ್ನು ಕೆಳಗಿಳಿಸಿತು. 1967ರಲ್ಲಿ ಆ ಮುಖವಿಲ್ಲದ ಹೊಸ ನೋಟು ಬಂತು, ಬೆಲೆಯೂ ಬದಲಾಯಿತು. 2007ರಲ್ಲಿ ನಾಲ್ಕು ಸೊನ್ನೆ ಕಿತ್ತು ಹತ್ತು ಸಾವಿರ ಸೀಡಿಯನ್ನು ಒಂದು ಮಾಡಿದರು. ಹೆಸರಿನ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ.